ಡ್ಯಾಶ್‌ಬೋರ್ಡಿನ ಗುಂಡಿ ಇದ್ದಲ್ಲೇ ಇರಲಿ

ನಮಸ್ಕಾರ. ಕಾರು ಓಡಿಸುವವರಿಗೂ, ಪಕ್ಕದಲ್ಲಿ ಕೂತು ದಾರಿ ಹೇಳುವವರಿಗೂ ಇವತ್ತು ನನ್ನದು ಒಂದೇ ಮಾತು. ಗುಂಡಿ ಇದ್ದಲ್ಲೇ ಇರಬೇಕು. ರಸ್ತೆ ಗುಂಡಿ ಅಲ್ಲ ಮತ್ತೆ, ಡ್ಯಾಶ್‌ಬೋರ್ಡಿನ ಗುಂಡಿ!

ಈಗಿನ ಕಾರಿನ ಪರದೆ ನಮ್ಮ ಅಭ್ಯಾಸ ಕಲಿಯುತ್ತದೆ. ದಿನಾ ಸಂಜೆ ಮನೆಗೆ ಫೋನ್ ಮಾಡುತ್ತೀರಾ? ಸ್ವಲ್ಪ ದಿನ ನೋಡಿ, ಆಮೇಲೆ ತಾನೇ ಕೇಳುತ್ತದೆ. ಜಾಗವನ್ನೂ ನೆನಪಿಡುತ್ತದೆ. ಮರ್ಸಿಡಿಸ್‌ನವರು 2021ರಲ್ಲಿ ತೋರಿಸಿದ ಇಕ್ಯೂಎಸ್ ಕಾರಿದೆ. ಗೇಟಿನ ಕಡಿದಾದ ಏರಿನಲ್ಲಿ ನೀವು ಕಾರಿನ ತಳ ಎತ್ತಿಸಿದರೆ, ಜಿಪಿಎಸ್‌ನಲ್ಲಿ ಗುರುತಿಟ್ಟುಕೊಂಡು ಮುಂದಿನ ಸಲ ‘ಎತ್ತಲೇ?’ ಎನ್ನುತ್ತದೆ. ನಮ್ಮ ಹಂಪುಗಳಿಗೆ ಹೇಳಿ ಮಾಡಿಸಿದ್ದು, ಅಲ್ವಾ? ನಾನು ಇಂಥ ಪರದೆ ಮಾಡುವ ಕೆಲಸದವನೇ, ನನಗೂ ಇದೆಲ್ಲ ಇಷ್ಟವೇ.

ಆದರೆ ಚಾರ್ಮಾಡಿಯ ಕಥೆ ಕೇಳಿ. ಜುಲೈ ತಿಂಗಳು, ಸಂಜೆ ಆರು ಗಂಟೆ. ಭಾವ ಓಡಿಸುತ್ತಿದ್ದರು, ಹಿಂದೆ ಅಕ್ಕ. ಕೊಟ್ಟಿಗೆಹಾರ ದಾಟಿ ಇಳಿಯುತ್ತಿದ್ದಂತೆ ಮಳೆ ಜೋರಾಯಿತು. ಮುಂದಿನ ಗಾಜಿಗೆ ಒಳಗಿನಿಂದ ಆವಿ ಹಿಡಿಯಿತು. ಆವಿ ತೆಗೆಯುವ ಡಿಫಾಗರ್ ಗುಂಡಿ ಒತ್ತಲು ಭಾವ ಪರದೆಗೆ ಕೈ ಚಾಚಿದರೆ ಅಲ್ಲಿ ಅದಿಲ್ಲ! ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಯಾರೂ ಒತ್ತಿರಲಿಲ್ಲ. ಬೇಡದ್ದು ಅಂತ ಕಾರು ಅದನ್ನು ಎಲ್ಲೋ ಎರಡನೇ ಪುಟಕ್ಕೆ ತಳ್ಳಿತ್ತು. ಆ ಜಾಗದಲ್ಲಿ ದೊಡ್ಡಕ್ಷರದಲ್ಲಿ ಏನಿತ್ತು ಗೊತ್ತೇ? ‘ಮನೆಗೆ ಕರೆ ಮಾಡಲೇ?’ ದಿನಾ ಆರಕ್ಕೆ ಭಾವ ಅಕ್ಕನಿಗೆ ಫೋನ್ ಮಾಡುತ್ತಾರಲ್ಲ, ಅದಕ್ಕೆ. ಅಕ್ಕ ಹಿಂದಿನಿಂದ ಬಗ್ಗಿ ಸೆರಗಿನಲ್ಲಿ ಗಾಜು ಒರೆಸುತ್ತಿದ್ದಾಳೆ! “ಎಲ್ಲಿಟ್ಟಿದ್ದೀರಿ ಮಾರಾಯ ಗುಂಡೀನ?” ಎಂದು ಭಾವ ನನ್ನ ಮೇಲೆ ರೇಗಿದರು, ಅದನ್ನು ಮಾಡಿದ್ದು ನಾನೇ ಅನ್ನುವ ಹಾಗೆ. ಗಂಟೆಗೆ 40 ಕಿಲೋಮೀಟರಿನಲ್ಲೂ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಘಾಟಿ ರಸ್ತೆಯಲ್ಲಿ ಆ 11 ಮೀಟರ್ ಯಾರಪ್ಪನದು?

ಎಷ್ಟು ಸಲ ಒತ್ತುತ್ತಾರೆ ಅಂತ ಎಣಿಸಿ ಗುಂಡಿಯ ಜಾಗ ಬದಲಿಸುವುದು ತಪ್ಪು ಲೆಕ್ಕ. ಹಾಡು ಬದಲಿಸಲಿ, ದಾರಿ ಹೇಳಲಿ, ಬೇಡ ಅನ್ನುವುದಿಲ್ಲ. ವೈಪರ್, ಡಿಫಾಗರ್, ಹಜಾರ್ಡ್ ಲೈಟು ಮಾತ್ರ ಇದ್ದಲ್ಲೇ ಇರಬೇಕು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಹಾರ್ನ್, ವೈಪರ್, ಇಂಡಿಕೇಟರ್‌ಗೆ ಪರದೆ ಸಾಲದು, ಕೈಗೆ ಸಿಗುವ ಸ್ವಿಚ್ಚೇ ಇರಲಿ ಅನ್ನುತ್ತಿದೆ. ಇದನ್ನೇ ನಾವು ಮೀಟಿಂಗಿನಲ್ಲಿ ಹೇಳಿದರೆ ‘ಹಳೇ ಕಾಲದವರು’ ಅಂತಾರೆ!

ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ವೇಳೆ ಆಯಿತಂತೆ. ಇನ್ನೊಂದೇ ಮಾತು. ಕಾರು ಮಾರುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಮನೆ ದಾರಿ, ನೀವು ಸಂಜೆ ಆರಕ್ಕೆ ಯಾರಿಗೆ ಫೋನ್ ಮಾಡುತ್ತಿದ್ದಿರಿ ಅನ್ನುವುದು, ಎಲ್ಲವೂ ಕೊಂಡವರ ಪಾಲು. ನಮಸ್ಕಾರ.