ಮಾರ್ಫಿನ್ ಕೂರುವ ಜಾಗ

ಕೇಳುಗರಿಗೆ ನಮಸ್ಕಾರ. ಮಾರ್ಫಿನ್ ನೋವನ್ನು ತಗ್ಗಿಸುತ್ತದೆ. ಪ್ರಮಾಣ ಮೀರಿದರೆ ಉಸಿರನ್ನೂ ತಗ್ಗಿಸುತ್ತದೆ. ಎರಡಕ್ಕೂ ಬಾಗಿಲು ಒಂದೇ: ನರಕೋಶದ ಪೊರೆಯಲ್ಲಿರುವ ‘ಮ್ಯೂ’ ಎಂಬ ಗ್ರಾಹಕ ಪ್ರೋಟೀನು. ಡೆಲ್ಟಾ, ಕಪ್ಪಾ, ನೋಸಿಸೆಪ್ಟಿನ್ ಗ್ರಾಹಕಗಳು ಇದರ ದಾಯಾದಿಗಳು.

ನಾಲ್ಕರ ರಚನೆಯೂ ಪ್ರಕಟವಾದದ್ದು 2012ರಲ್ಲಿ. ಪೊರೆಯಿಂದ ಬಿಡಿಸಿದ ಗ್ರಾಹಕ ಒಂದೇ ಸಮ ಅಲುಗಾಡುತ್ತದೆ. ಅಲುಗಾಡುವುದು ಹರಳುಗಟ್ಟುವುದಿಲ್ಲ, ಹರಳಿಲ್ಲದೆ ಎಕ್ಸ್-ರೇ ಚಿತ್ರವಿಲ್ಲ. ಹಾಗಾಗಿ ಅಮೆರಿಕದ ವಿಜ್ಞಾನಿ ಬ್ರಯಾನ್ ಕೊಬಿಲ್ಕಾ ಅವರ ತಂಡ ಇಲಿಯ ಮ್ಯೂ ಗ್ರಾಹಕದ ಒಳಬದಿಯ ಜೋಲು ಕುಣಿಕೆಯನ್ನು ತೆಗೆದು, ಅಲ್ಲಿಗೆ ಟಿ4 ಲೈಸೋಜೈಮ್ ಎಂಬ ಗಟ್ಟಿ ಪ್ರೋಟೀನನ್ನು ಜೋಡಿಸಿತು. ಮದ್ದಿನ ಅಣು ಬಂದು ಕೂರುವ ಗುಂಡಿಯೊಳಗೆ ಬಿಡದೆ ಅಂಟಿಕೊಳ್ಳುವ ತಡೆಮದ್ದೊಂದನ್ನು ಕೂರಿಸಿತು. ಸಿಕ್ಕ ಚಿತ್ರದ ಸೂಕ್ಷ್ಮತೆ 2.8 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.

ಪೊರೆಯನ್ನು ಹಾಯುವ ಏಳು ಸುರುಳಿಗಳು, ನಡುವೆ ಬಾಯ್ದೆರೆದ ಗುಂಡಿ. ಮೂರನೇ ಸುರುಳಿಯಲ್ಲಿ 147ನೇ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲಕ್ಕೆ ಋಣ ಆವೇಶ. ಮಾರ್ಫಿನ್ನಿನ ಸಾರಜನಕಕ್ಕೆ ಧನ ಆವೇಶ. ಎರಡೂ ಕಚ್ಚಿಕೊಳ್ಳುತ್ತವೆ. ಈ ಕೊಂಡಿ ನಾಲ್ಕೂ ಗ್ರಾಹಕಗಳಲ್ಲಿದೆ, ಆದ್ದರಿಂದ ಯಾವ ಅಣು ಯಾವ ಗ್ರಾಹಕಕ್ಕೆ ಎಂಬ ಆಯ್ಕೆ ನಡೆಯುವುದು ಅಲ್ಲಲ್ಲ, ಗುಂಡಿಯ ಅಂಚಿನಲ್ಲಿ. ಏಳನೇ ಸುರುಳಿಯ ಒಂದೇ ಜಾಗದಲ್ಲಿ ಮ್ಯೂಗೆ ಟ್ರಿಪ್ಟೊಫಾನ್ ಎಂಬ ದಪ್ಪನೆಯ ಅಮೈನೋ ಆಮ್ಲ, ಡೆಲ್ಟಾಗೆ ಲ್ಯೂಸಿನ್ ಎಂಬ ಸಣ್ಣದು. ನಾಲ್ಟ್ರಿಂಡೋಲ್ ಎಂಬ ಅಣುವಿನ ಹೊರಚಾಚಿದ ಉಂಗುರ ಲ್ಯೂಸಿನ್ ಪಕ್ಕದಲ್ಲಿ ಸಲೀಸಾಗಿ ಕೂರುತ್ತದೆ, ಟ್ರಿಪ್ಟೊಫಾನ್‌ಗೆ ಢಿಕ್ಕಿ ಹೊಡೆಯುತ್ತದೆ. ಡೆಲ್ಟಾವನ್ನೇ ಅರಸಿ ಹೋಗುವ ಅದರ ಗುಟ್ಟು ಇಷ್ಟೇ.

ಕೂರುವುದು ಬೇರೆ, ಚಾಲೂ ಮಾಡುವುದು ಬೇರೆ. ಗ್ರಾಹಕ ಚಾಲೂ ಆದಾಗ ಆರನೇ ಸುರುಳಿಯ ಒಳತುದಿ ಸುಮಾರು 10 ಆಂಗ್‌ಸ್ಟ್ರಾಮ್ ಹೊರಕ್ಕೆ ಸರಿದು, ಸಂದೇಶವನ್ನು ಕೋಶದೊಳಗೆ ಮುಂದಕ್ಕೆ ದಾಟಿಸುವ ಜಿ-ಪ್ರೋಟೀನಿಗೆ ದಾರಿ ಬಿಡುತ್ತದೆ. ನಲೋಕ್ಸೋನ್ ಎಂಬ ತಡೆಮದ್ದು ಅದೇ ಆಸನ ಹಿಡಿದೂ ಸುರುಳಿಯನ್ನು ಹಾಗೆ ಸರಿಸುವುದಿಲ್ಲ. ಅತಿಪ್ರಮಾಣಕ್ಕೆ ಅದು ಮದ್ದಾಗುವುದು ಹೀಗೆ.

ಉಸಿರನ್ನು ತಗ್ಗಿಸದೆ ನೋವನ್ನಷ್ಟೇ ತಗ್ಗಿಸುವ ಮದ್ದನ್ನು ಅರಸಿ 2016ರಲ್ಲಿ ಸಂಶೋಧಕರು 30 ಲಕ್ಷಕ್ಕೂ ಹೆಚ್ಚು ಅಣುಗಳನ್ನು ಕಂಪ್ಯೂಟರಿನಲ್ಲಿ ಈ ಗುಂಡಿಗೆ ತಿರುವಿ ಮುರುವಿ ಕೂರಿಸಿ ನೋಡಿದರು. 23ನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 7 ಅಂಟಿದವು. ತಿದ್ದಿ ತೀಡಿ ಬಂದದ್ದು ಪಿಝೆಡ್‌ಎಂ21 ಎಂಬ ಅಣು. ಉಸಿರಿಗೆ ತೊಂದರೆಯಿಲ್ಲ ಎಂದು ಮೊದಲ ವರದಿ. 2018ರಲ್ಲಿ ಬೇರೆ ಪ್ರಯೋಗಾಲಯದ ಇಲಿಗಳಲ್ಲಿ ಉಸಿರು ತಗ್ಗಿತು. ನನಗಿದು ಅಚ್ಚರಿಯಲ್ಲ. ಲೆಕ್ಕಕ್ಕೆ ಬಳಸಿದ್ದು ಚಾಲೂ ಆಗದ ಗ್ರಾಹಕದ ನಿಂತ ಚಿತ್ರ. ಅಣು ಕೂತೀತೇ ಎಂದು ಅದು ಹೇಳಬಲ್ಲದು, ಕೂತ ಮೇಲೆ ಎಷ್ಟು ಜೋರಾಗಿ ಎಳೆದೀತು ಎಂದಲ್ಲ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಲಿಸೆರಿಡಿನ್ ಎಂಬ ನೋವುಮದ್ದು ಕೂಡ ಇಂಥದೇ ಭರವಸೆಯಿಂದ ಹೊರಟದ್ದು. ಅದರ ಚೀಟಿಯ ಮೇಲೂ ಉಸಿರಾಟದ ಎಚ್ಚರಿಕೆ ಚೌಕಟ್ಟಿನೊಳಗೇ ಇದೆ.