ಕರೀ ಸ್ಕ್ರೀನೋ ಬಿಳೀ ಸ್ಕ್ರೀನೋ: ಥೀಸಿಸ್ ಬರಿಯೋರಿಗೆ ಎಡಿಟರ್ ಮಾತು

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಥೀಸಿಸ್ ಬರಿಯೋರಿಗೇನ್ ಬರ ಇಲ್ಲ, ಕರ್ನಾಟಕ ಯುನಿವರ್ಸಿಟಿ ಐತಿ, ಕೃಷಿ ಯುನಿವರ್ಸಿಟಿ ಐತಿ, ಐಐಟಿ ಐತಿ, ಹಂಗಾಗಿ "ಸರ್, ವಿಮ್ ಛಲೋನೋ ವಿಎಸ್ ಕೋಡ್ ಛಲೋನೋ" ಅಂತ ಎಡಿಟರ್ (ಟೈಪ್ ಮಾಡೋ ಸಾಫ್ಟ್‌ವೇರ್) ಬಗ್ಗೆ ಯಾರರ ಕೇಳೇ ಕೇಳತಾರ. ನಾ ಹೇಳೂದು ಇಷ್ಟ: ಕೋಡ್ (ಕಂಪ್ಯೂಟರ್ ಪ್ರೋಗ್ರಾಮ್) ಬರಿಯೋರ ಮಾತ ಕೇಳಿ ಡಾಕ್ಯುಮೆಂಟ್ ಬರಿಯೋ ಎಡಿಟರ್ ಆರಿಸಬ್ಯಾಡ್ರಿ.

ಯಾಕಂದ್ರ ಕೋಡ್‌ನಾಗ ಸಾಲಸಾಲಿಗೂ ಕೀವರ್ಡು, ಸ್ಟ್ರಿಂಗು, ಕಾಮೆಂಟು ಇರತಾವ, ಎಡಿಟರ್ ಒಂದೊಂದಕ್ಕ ಒಂದೊಂದು ಬಣ್ಣ ಕೊಡತೈತಿ, ಬಣ್ಣ ಹಂಚಿಕೊಂಡು ಹೋಗತಾವ. ಥೀಸಿಸ್ ಬರಿಯೋ ಲೇಟೆಕ್ (ಕಮಾಂಡ್ ಕೊಟ್ಟು ಪುಟ ಜೋಡಿಸೋ ಸಾಫ್ಟ್‌ವೇರ್) ಫೈಲ್‌ನಾಗ ಪುಟಗಟ್ಟಲೆ ಬರೇ ವಾಕ್ಯ, ನಡುನಡುವ ಒಂದೊಂದು ಕಮಾಂಡು. ಡ್ರಾಕುಲಾದಂಥ ಮಿಂಚೋ ಥೀಮ್ (ಎಡಿಟರ್‌ನ ಬಣ್ಣದ ಜೋಡಣಿ) ಹಾಕಿದ್ರಂದ್ರ ಆ ಕಮಾಂಡಿಗೆ ಜಾತ್ರಿ ಲೈಟ್ ಹಚ್ಚಿದಂಗ ಆಗತೈತಿ, ನೀವು ಬರದಿದ್ದು ಹಿಂದ ಉಳೀತೈತಿ. ನಮಗ ಬೇಕಾಗಿದ್ದು ಉಲ್ಟಾ ಅಲ್ರೀ, ಕಮಾಂಡ್ ಮಂಕಾಗಬೇಕು, ವಾಕ್ಯ ಎದ್ದು ಕಾಣಬೇಕು.

ಸೋಲರೈಸ್ಡ್ ಅಂತ ಒಂದು ಥೀಮ್ ಐತಿ, ಈಥನ್ ಸ್ಕೂನೋವರ್ 2011ರಾಗ ಮಾಡಿದ್ದು, 16 ಬಣ್ಣ, ಅದರಾಗ 8 ಹಿನ್ನೆಲೆಗೆ ಮತ್ತ ಅಕ್ಷರಕ್ಕ, 8 ಹೈಲೈಟಿಗೆ. ನನಗ ಭಾಳ ಸೇರತೈತಿ, ಆದ್ರ ಅದರ ತಿಳಿ ಹಿನ್ನೆಲೆಯ ಲೈಟ್ ಆವೃತ್ತಿಯೊಳಗ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸದ ಅನುಪಾತ) ಸುಮಾರು 4.1 ಅಷ್ಟ, ಎಲ್ಲಾರಿಗೂ ಓದಾಕ ಬರಲಿ ಅಂತ ಮಾಡಿದ ವೆಬ್ ಆ್ಯಕ್ಸೆಸಿಬಿಲಿಟಿ ನಿಯಮ ಸಾಮಾನ್ಯ ಅಕ್ಷರಕ್ಕ ಕಡಿಮಿ ಅಂದ್ರೂ 4.5 ಕೇಳತೈತಿ. ಅದೇ ಪಟ್ಟಿಯೊಳಗಿನ ಒಂದು ಮೆಟ್ಲ ಗಾಢ ಬಣ್ಣ ಅಕ್ಷರಕ್ಕ ಕೊಡ್ರಿ, 5ರ ಹತ್ರ ಬರತೈತಿ, ಕೆಲಸ ಮುಗೀತು.

ಕರೀ ಹಿನ್ನೆಲೆ ಕಣ್ಣಿಗೆ ಛಲೋ ಅನ್ನೂದನ್ನ ಪೂರ್ತಿ ನಂಬಬ್ಯಾಡ್ರಿ. ಕತ್ತಲ ಸ್ಕ್ರೀನ್ ನೋಡುವಾಗ ಕಣ್ಣಿನ ಪಾಪಿ ಅಗಲ ಆಗತೈತಿ, ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಒಂದು ದೃಷ್ಟಿದೋಷ) ಇದ್ದೋರಿಗೆ ಬಿಳೀ ಅಕ್ಷರ ಹರಡಿಕೊಂಡಂಗ ಕಾಣತಾವ. ಇನ್ನ ಏಪ್ರಿಲ್ ಮಧ್ಯಾಹ್ನ ಕಿಡಕಿ ತಗದು ಕುಂತ್ರ ಆ ಕರೀ ಸ್ಕ್ರೀನ್‌ನಾಗ ಕಾಣೂದು ನಿಮ್ಮ ಮಾರೀನ. ಹಗಲಿಗೆ ಬಿಳಿ, ರಾತ್ರಿಗೆ ಕರಿ, ಎರಡೂ ಇಟ್ಕೋರಿ.

ಕನ್ನಡದಾಗ ಬರಿಯೋರಿಗೆ ಮಾತ್ರ ಲೆಕ್ಕನ ಬ್ಯಾರೆ. ವಿಮ್ 1991ರಿಂದ ಐತಿ, ಗಟ್ಟಿ ಎಡಿಟರ್, ಖರೇ, ಆದ್ರ ಅದು ಸಾಮಾನ್ಯವಾಗಿ ಓಡೂದು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಡಕಿ) ಒಳಗ, ಟರ್ಮಿನಲ್ ಅನ್ನೂದು ಚೌಕಳಿ ಲೆಕ್ಕದಾಗ ಅಕ್ಷರ ಕೂರಿಸತೈತಿ, "ರಾಷ್ಟ್ರೀಯ" ಅಂತ ಬರದ್ರ ಭಾಳ ಟರ್ಮಿನಲ್‌ನಾಗ ಒತ್ತು ಒಂದ್ ಕಡೆ, ಕರ್ಸರ್ ಒಂದ್ ಕಡೆ. ಕೇಟ್ ಅನ್ನೋ ಎಡಿಟರ್ ಅಥವಾ ವಿಎಸ್ ಕೋಡ್‌ನಾಗ ಈ ಗೋಳು ಕಡಿಮಿ. ಆದ್ರ ಅಲ್ಲೂ ಎರಡು ಕೆಲಸ ಮಾಡಬೇಕು: ಲೈನ್ ಹೈಟ್ (ಸಾಲಿನ ಎತ್ತರ) ಏರಸ್ರಿ, ಇಲ್ಲಾಂದ್ರ ಮ್ಯಾಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ಬಡೀತೈತಿ, ಥೀಮ್‌ನಾಗ ಇಟಾಲಿಕ್ ಇದ್ರ ಆಫ್ ಮಾಡ್ರಿ, ಕನ್ನಡ ಅಕ್ಷರ ಸುಮ್ಕ ಸೊಟ್ಟ ಆಗತಾವ. ಲೇಟೆಕ್ ಫೈಲಿನಿಂದ ಪಿಡಿಎಫ್ ಮಾಡಾಕ ಪಿಡಿಎಫ್‌ಲೇಟೆಕ್ ಅನ್ನೋ ಪ್ರೋಗ್ರಾಮ್ ಅಲ್ಲ, ಝೀಲೇಟೆಕ್ ಬಳಸ್ರಿ. ಹಳೇ ನುಡಿ ಆಸ್ಕಿ ಫೈಲ್ ಇದ್ರ ಮೊದಲ ಯೂನಿಕೋಡಿಗೆ ಬದಲಿ ಮಾಡ್ಕೋರಿ, ಇಲ್ಲಾಂದ್ರ ಯಾವ ಎಡಿಟರ್ ತಂದ್ರೂ ಇಂಗ್ಲಿಷ್ ಚಿತ್ತಾರನ ಕಾಣೂದು.

ಲ್ಯಾಪ್‌ಟಾಪ್ ತಂದೋರು ನಿಮ್ಮದ ಒಂದು ಚಾಪ್ಟರ್ ತಗೀರಿ, ಸ್ಕ್ರೀನ್‌ಶಾಟ್ ನೋಡಿ ಥೀಮ್ ಆರಿಸೂದು ಬ್ಯಾಡ, ಆ ಚಾಪ್ಟರ್ ಮ್ಯಾಲ ಒಂದೊಂದ ಥೀಮ್ ಹಾಕಿ ನೋಡೂಣು.