ನಡೆಯುವವರು ನಾಲ್ವರು, ಗಂಜಿ ಹೊತ್ತು ಬರುವವರು ಬೇರೆ

ಎಲ್ಲರಿಗೂ ನಮಸ್ಕಾರ.

ನೂರು ಕಿಲೋಮೀಟರ್ ನಡೆದೆ ಅಂದರೆ ಜನ ಮೊದಲು ನೋಡುವುದು ನನ್ನ ಕಾಲನ್ನು. ಮಂಡಿ ಸರಿ ಇದೆಯಾ, ಬೊಬ್ಬೆ ಬಂತಾ, ಯಾವ ಶೂ ಹಾಕಿದ್ದೆ. ಇವೇ ಪ್ರಶ್ನೆಗಳು. ರಾತ್ರಿ ಎರಡು ಗಂಟೆಗೆ ಬೆಟ್ಟದ ಬುಡದಲ್ಲಿ ಊಟ ಯಾರು ತಂದುಕೊಟ್ಟರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನಡೆದವರಿಗಿಂತ ಆ ಊಟ ತಂದವರ ಬಗ್ಗೆ ಜಾಸ್ತಿ ಮಾತಾಡೋಣ ಅಂತಿದ್ದೇನೆ.

ಮೊದಲು ಈ ನಡಿಗೆ ಏನು ಅಂತ ಹೇಳಿಬಿಡುತ್ತೇನೆ. ಕೆಲಸದ ಮೇಲೆ ನಾನು ಕೆಲವು ವರ್ಷ ಹಾಂಗ್‌ಕಾಂಗ್‌ನಲ್ಲಿದ್ದೆ. ಅಲ್ಲಿ ಮೆಕ್ಲಿಹೋಸ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. ಪೂರ್ವದ ಸಾಯ್ ಕುಂಗ್ ಕಡೆಯಿಂದ ಪಶ್ಚಿಮದ ಟುನ್ ಮುನ್‌ವರೆಗೆ ಬೆಟ್ಟಗಳ ಬೆನ್ನ ಮೇಲೇ ಹೋಗುತ್ತದೆ, ಉದ್ದ ಸರಿಯಾಗಿ 100 ಕಿಲೋಮೀಟರ್. 1979ರಲ್ಲಿ ತೆರೆದದ್ದು. ಆಗಿನ ಗವರ್ನರ್ ಮೆಕ್ಲಿಹೋಸ್ ಅವರಿಗೆ ಬೆಟ್ಟ ಹತ್ತುವ ಹುಚ್ಚು, ಹಾಗಾಗಿ ಅವರದೇ ಹೆಸರು. ಆಗ ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷ್ ಸೇನೆಯ ಗೂರ್ಖಾ ಪಡೆ ಇತ್ತು. ನೇಪಾಳದ ಬೆಟ್ಟದ ಹುಡುಗರು. 1981ರಲ್ಲಿ ಅವರು ಈ ದಾರಿಯನ್ನು ತಾಲೀಮಿಗೆ ಇಟ್ಟುಕೊಂಡರು, ಜೊತೆಗೆ ಒಳ್ಳೆಯ ಕೆಲಸಕ್ಕೆ ಒಂದಷ್ಟು ಹಣವನ್ನೂ ಕೂಡಿಸಿದರು. 1986ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಅನ್ನುವ ಸಂಸ್ಥೆ ಕೈಜೋಡಿಸಿತು, ಸೈನಿಕರಲ್ಲದವರಿಗೂ ಬಾಗಿಲು ತೆರೆಯಿತು. ಅದೇ ಟ್ರೇಲ್‌ವಾಕರ್. ನಾಲ್ಕು ಜನರ ತಂಡ, 100 ಕಿಲೋಮೀಟರ್, 48 ಗಂಟೆ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿ ಗೂರ್ಖಾಗಳು ಬ್ರಿಟನ್‌ಗೆ ಹೋದರು, ಅಲ್ಲೂ ಸೌತ್ ಡೌನ್ಸ್ ಬೆಟ್ಟಗಳಲ್ಲಿ ಇದೇ ನಡಿಗೆ. ಅಲ್ಲಿ ಕೊಡುತ್ತಿದ್ದದ್ದು 30 ಗಂಟೆ ಮಾತ್ರ, ಪುಣ್ಯಾತ್ಮರು. 2012ರಲ್ಲಿ ಇದು ನಮ್ಮ ಬೆಂಗಳೂರಿಗೂ ಬಂತು. ನೂರು ಆಗದವರಿಗೆ 24 ಗಂಟೆಯಲ್ಲಿ 50 ಕಿಲೋಮೀಟರ್ ನಡೆಯುವ ಅವಕಾಶವೂ ಇತ್ತು. ಹಾಗಾಗಿ ಕೇಳುತ್ತಿರುವವರಲ್ಲಿ ಕೆಲವರು ನಡೆದಿರಲೂಬಹುದು.

ದಾರಿ ಹೇಗಿದೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾಂಗ್‌ಕಾಂಗ್ ಅಂದರೆ ನಮಗೆಲ್ಲ ಎತ್ತರದ ಕಟ್ಟಡಗಳೇ ನೆನಪಾಗುತ್ತವೆ, ಆದರೆ ಈ ದಾರಿಯ ಮೊದಲ ಅರ್ಧ ದಿನ ಒಂದು ಅಂಗಡಿ ಸಿಕ್ಕರೆ ನಿಮ್ಮ ಅದೃಷ್ಟ. ಹೈ ಐಲ್ಯಾಂಡ್ ಅನ್ನುವ ಜಲಾಶಯದ ಪಕ್ಕದಲ್ಲಿ ಹೋಗುವಾಗ ಆರು ಮೂಲೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿರುತ್ತವೆ. ಜ್ವಾಲಾಮುಖಿಯಿಂದ ಬಂದದ್ದು ತಣ್ಣಗಾಗುವಾಗ ಬಿರಿದು ಹಾಗಾದದ್ದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ, ಅರೆ, ಇದು ನಮ್ಮಲ್ಲೂ ಇದೆಯಲ್ಲ ಅನಿಸುತ್ತದೆ. ಅಲ್ಲಿಂದ ಮುಂದೆ ಬೆಟ್ಟ, ಕಡಲತೀರ, ಮತ್ತೆ ಬೆಟ್ಟ. ಮಾ ಆನ್ ಶಾನ್, ನೀಡಲ್ ಹಿಲ್, ಕೊನೆಗೆ 957 ಮೀಟರ್ ಎತ್ತರದ ತಾಯ್ ಮೊ ಶಾನ್. 957 ಏನು ಮಹಾ, ನಮ್ಮ ಮುಳ್ಳಯ್ಯನಗಿರಿ ಅದರ ಎರಡರಷ್ಟಿದೆ ಅಂತ ನಾನೂ ಅಂದಿದ್ದೆ. ಆದರೆ ಹತ್ತಿದ್ದನ್ನೆಲ್ಲ ಇಳಿಯಬೇಕು, ಇಳಿದದ್ದನ್ನು ಮತ್ತೆ ಹತ್ತಬೇಕು. ಎಲ್ಲ ಕೂಡಿಸಿದರೆ ಏರು 4500 ಮೀಟರ್‌ಗೆ ಹೋಗುತ್ತದೆ. ಅದರಲ್ಲಿ ಬಹಳಷ್ಟು ಮೆಟ್ಟಿಲು. ಮಂಡಿಗೆ ಮಣ್ಣಿನ ಇಳಿಜಾರೇ ವಾಸಿ, ಕಾಂಕ್ರೀಟ್ ಮೆಟ್ಟಿಲು ಇದೆಯಲ್ಲ, ಅದು ಶತ್ರು. 500 ಮೀಟರ್‌ಗೊಂದು ನಂಬರಿನ ಕಂಬ ನೆಟ್ಟಿದ್ದಾರೆ. ಹಗಲಿನಲ್ಲಿ ಅದು ಉಪಕಾರ, ರಾತ್ರಿಯಲ್ಲಿ ಹಿಂಸೆ, ಯಾಕಂದರೆ ಒಂದು ಕಂಬದಿಂದ ಇನ್ನೊಂದಕ್ಕೆ ಇಷ್ಟು ಹೊತ್ತು ಬೇಕಾಯಿತಾ ಅಂತ ಪ್ರತಿ ಸಲವೂ ಗೊತ್ತಾಗುತ್ತದೆ.

ವೇಗದ ತಂಡಗಳು ಇದನ್ನು ಹನ್ನೆರಡು ಗಂಟೆಯೊಳಗೆ ಓಡಿ ಮುಗಿಸುತ್ತವೆ. ಅವರ ಕಥೆ ಬೇರೆ. ನಾನು ಹೇಳುತ್ತಿರುವುದು ನಮ್ಮಂಥ ಆಫೀಸಿನವರ ಬಗ್ಗೆ, ಒಂದು ರಾತ್ರಿ ಪೂರ್ತಿ, ಎರಡನೇ ರಾತ್ರಿಯಲ್ಲೂ ಒಂದಷ್ಟು ನಡೆಯುವವರ ಬಗ್ಗೆ.

ಈ ನಡಿಗೆಯ ಜೀವ ಇರುವುದು ಒಂದು ನಿಯಮದಲ್ಲಿ. ನಾಲ್ವರೂ ಒಟ್ಟಿಗೆ ಹೋಗಬೇಕು. ಚೆಕ್‌ಪಾಯಿಂಟ್‌ನಲ್ಲಿ ಒಟ್ಟಿಗೇ ಹಾಜರಿ. ಸೈನಿಕರು ಮಾಡಿದ ನಿಯಮ ಅಲ್ವಾ, ಹಾಗೇ ಇರುತ್ತದೆ. ಕೇಳಲು ಸುಲಭ. ಆದರೆ ಇದರ ಅರ್ಥ ಏನು ಗೊತ್ತಾ? ನಿಮ್ಮ ವೇಗ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಆ ಹೊತ್ತಿಗೆ ಯಾರು ನಿಧಾನವೋ ಅವರದೇ ತಂಡದ ವೇಗ. ಆ ನಿಧಾನದವರು ಬದಲಾಗುತ್ತಲೂ ಇರುತ್ತಾರೆ. ಬೆಳಿಗ್ಗೆ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವನಿಗೆ ನಡುರಾತ್ರಿ ಹೊಟ್ಟೆ ಕೆಡಬಹುದು. ನಮ್ಮ ತಂಡದಲ್ಲಿ ಹುಬ್ಬಳ್ಳಿಯ ಗೆಳೆಯ ಒಬ್ಬ, ಹಾಂಗ್‌ಕಾಂಗ್‌ನವರೇ ಆದ ಚೀನೀ ಸಹೋದ್ಯೋಗಿ ಹೆಣ್ಣುಮಗಳು ಒಬ್ಬರು, ಇನ್ನೊಬ್ಬ ನೇಪಾಳದ ಹುಡುಗ, ಅವನ ತಂದೆ ಗೂರ್ಖಾ ಪಡೆಯಲ್ಲಿದ್ದವರು. ಆ ಹುಡುಗ ಬೇಕಿದ್ದರೆ ನಮ್ಮನ್ನೆಲ್ಲ ಬಿಟ್ಟು ಅರ್ಧ ಹೊತ್ತಿನಲ್ಲಿ ಮುಗಿಸುತ್ತಿದ್ದ. ಅವನು ಯಾವಾಗಲೂ ಕೊನೆಯಲ್ಲೇ ನಡೆದ. ಮುಂದೆ ಹೋದರೆ ಹಿಂದಿನವರು ಓಡಿಬರಲು ನೋಡುತ್ತಾರೆ, ಹಿಂದೆ ಇದ್ದರೆ ಯಾರಿಗೂ ಅವಸರ ಇರುವುದಿಲ್ಲ ಅಂತ ಅವನ ಲೆಕ್ಕ. ನಾಯಕ ಮುಂದಿರಬೇಕು ಅಂತ ನಮಗೆ ಆಫೀಸಿನಲ್ಲಿ ಎಷ್ಟು ತರಬೇತಿ ಕೊಟ್ಟಿದ್ದರು!

ಇನ್ನು ಹಣದ ವಿಷಯ. ಪ್ರತಿ ತಂಡ ಇಂತಿಷ್ಟು ದೇಣಿಗೆ ಕೂಡಿಸಲೇಬೇಕು. ನಿಜ ಹೇಳುತ್ತೇನೆ, ಬೆಟ್ಟ ಹತ್ತುವುದಕ್ಕಿಂತ ಇದು ಕಷ್ಟ. ನಮ್ಮ ಕಡೆ ಕೈಚಾಚಿ ಹಣ ಕೇಳುವುದು ಅಂದರೆ ಗಂಟಲು ಕಟ್ಟುತ್ತದೆ, ಗಣೇಶನ ಹಬ್ಬದ ಚಂದಾ ಬಿಟ್ಟರೆ ಅಭ್ಯಾಸವೇ ಇಲ್ಲ. ಊರಿಗೆ ಫೋನ್ ಮಾಡಿ ಸೋದರಮಾವನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಯ್ಯ, ನೀನು ಕಾಲು ಮುರಕೊಂಡು ನಡೆದರೆ ಬಡವನ ಹೊಟ್ಟೆ ಹೇಗೆ ತುಂಬತ್ತೆ? ದುಡ್ಡು ನೇರವಾಗಿ ಕೊಟ್ಟರಾಗಲ್ವಾ?" ಪ್ರಶ್ನೆ ಸರಿಯಾಗೇ ಇದೆ. ನೇರವಾಗಿ ಕೊಡಬಹುದು. ಆದರೆ ನಾನು ಸುಮ್ನೆ ಕೂತಿದ್ದರೆ ಅವರನ್ನು ಕೇಳುತ್ತಿರಲಿಲ್ಲ, ನಾನು ಕೇಳದೆ ಅವರು ಕೊಡುತ್ತಿರಲಿಲ್ಲ. ನಡಿಗೆ ಇಲ್ಲಿ ಒಂದು ನೆಪ. ನಾನು ಮೈ ನೋಯಿಸಿಕೊಳ್ಳುತ್ತೇನೆ, ನೀವು ಜೇಬಿಗೆ ಕೈಹಾಕಿ ಅನ್ನುವ ಒಪ್ಪಂದ. ಅದರಲ್ಲಿ ಸ್ವಲ್ಪ ನಾಟಕವೂ ಇದೆ, ಇಲ್ಲ ಅನ್ನುವುದಿಲ್ಲ. ಮಾವ ಮಾತ್ರ ಒಂದು ಷರತ್ತು ಹಾಕಿಯೇ ಕೊಟ್ಟರು: ಪೂರ್ತಿ ಮುಗಿಸಿದರೆ ಇಷ್ಟು, ಅರ್ಧಕ್ಕೆ ಬಿಟ್ಟರೆ ಅರ್ಧ.

ತಾಲೀಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವು ತಿಂಗಳು ಮೊದಲೇ ಶುರು ಮಾಡಬೇಕು. ಶನಿವಾರ ದೂರ ನಡೆದು, ಭಾನುವಾರ ಅದೇ ದಣಿದ ಕಾಲಲ್ಲಿ ಮತ್ತೆ ನಡೆಯಬೇಕು. ಒಂದು ಸಲವಾದರೂ ರಾತ್ರಿ ಪೂರ್ತಿ ನಡೆದು ನೋಡಬೇಕು. ನಡಿಗೆಯ ದಿನ ಹಾಕುವ ಶೂ, ಕಾಲುಚೀಲ, ಬ್ಯಾಗು ಎಲ್ಲವೂ ಆಗಲೇ ಹಳತಾಗಿರಬೇಕು. ಅಷ್ಟೇ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಸಪೋರ್ಟ್ ತಂಡ. ನಮಗೆ ಸಿಕ್ಕವರು ಕನ್ನಡದ ಮನೆಯವರು, ಆಫೀಸಿನವರು, ಪಕ್ಕದ ಫ್ಲ್ಯಾಟಿನವರು, ಹೀಗೆ ಒಂದು ಕಲಬೆರಕೆ ಗುಂಪು. ಅವರೆಲ್ಲರನ್ನೂ ನಡೆಸಿದ್ದು ಉಡುಪಿ ಕಡೆಯ ಒಬ್ಬ ಅಕ್ಕ. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಚೀನೀ ಸಹೋದ್ಯೋಗಿ ಕೂಡ! ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದರು. ಯಾವ ಚೆಕ್‌ಪಾಯಿಂಟ್‌ಗೆ ನಾವು ಎಷ್ಟು ಹೊತ್ತಿಗೆ ಬರಬಹುದು, ಅಲ್ಲಿಗೆ ಗಾಡಿ ಹೋಗುತ್ತದಾ, ಆ ಹೊತ್ತಿಗೆ ಯಾರು ಎಚ್ಚರ ಇರಬೇಕು, ಯಾರು ಮಲಗಬೇಕು, ಎಲ್ಲ ಬರೆದಿಟ್ಟಿದ್ದರು. ಗಾಡಿ ಹೋಗುತ್ತದಾ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಸಾಯ್ ಕುಂಗ್ ಕಡೆಯ ಕಾಡಿನೊಳಗೆ ಖಾಸಗಿ ಕಾರು ಬಿಡುವುದಿಲ್ಲ, ಗೇಟಿನಿಂದ ಆಚೆಗೆ ಟ್ಯಾಕ್ಸಿ ಹಿಡಿಯಬೇಕು. ಕೆಲವು ಕಡೆ ಅದೂ ಇಲ್ಲ, ಪಾತ್ರೆ ಹೊತ್ತು ಗುಡ್ಡ ಹತ್ತಬೇಕು. ಅಂದರೆ ಬೆಂಬಲಕ್ಕೆ ಬಂದವರೂ ನಡೆಯುತ್ತಾರೆ, ಅದೂ ಬಿಸಿ ಪಾತ್ರೆ ಹಿಡಿದುಕೊಂಡು. ಅವರಿಗೆ ಸರ್ಟಿಫಿಕೇಟ್ ಇಲ್ಲ.

ಮೊದಲ ರಾತ್ರಿ ಮಾ ಆನ್ ಶಾನ್ ಹತ್ತುವ ಮುಂಚೆ ಒಂದು ನಿಲ್ದಾಣ. ಆ ಕಡೆಯ ಕಾಡಿನಲ್ಲಿ ಯಜಮಾನರಿಲ್ಲದ ದನಗಳು ಬೇಕಾದಷ್ಟಿವೆ, ಟಾರ್ಚಿನ ಬೆಳಕಿಗೆ ಕಣ್ಣು ಹೊಳೆದು ಎದೆ ಧಸಕ್ ಅನ್ನುತ್ತದೆ. ಹುಬ್ಬಳ್ಳಿಯ ಗೆಳೆಯನ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ. ಅಲ್ಲಿಗೆ ಬಂದವನೇ ಕಲ್ಲಿನ ಮೇಲೆ ಕೂತು, "ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ" ಅಂದ. ಅಕ್ಕ ವಾದಕ್ಕೇ ಇಳಿಯಲಿಲ್ಲ. "ಮಾರಾಯ್ರೆ, ಮೊದಲು ಶೂ ಬಿಚ್ಚಿ, ಮಾತು ಆಮೇಲೆ" ಅಂದು ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒರೆಸಿ, ಒಣಗಿಸಿ, ಟೇಪು ಸುತ್ತಿ, ಒಣ ಕಾಲುಚೀಲ ಹಾಕಿದರು. ಬೊಬ್ಬೆಗೆ ಕಾರಣ ಎರಡೇ, ಒದ್ದೆ ಮತ್ತು ಉಜ್ಜುವಿಕೆ. ಎರಡನ್ನೂ ತೆಗೆದರೆ ಕಾಲು ಇನ್ನೂ ಬಹಳ ದೂರ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಫ್ಲಾಸ್ಕಿನಿಂದ ಬಿಸಿ ಗಂಜಿ ಬಗ್ಗಿಸಿದರು, ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ. ನಮ್ಮ ಚೀನೀ ಸಹೋದ್ಯೋಗಿ ಎರಡು ಬಟ್ಟಲು ಕುಡಿದರು. ಅಲ್ಲಿ ಬೆಳಗಿನ ತಿಂಡಿಗೆ ಗಂಜಿ ಸಾಮಾನ್ಯ, ಅವರಿಗೆ ಹೊಸದಾಗಿದ್ದದ್ದು ಉಪ್ಪಿನಕಾಯಿ ಮಾತ್ರ. ಆ ಉಪ್ಪಿಗೂ ಕೆಲಸ ಇದೆ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ವಾಕರಿಕೆ, ತಲೆನೋವು ಶುರುವಾಗುತ್ತದೆ, ಮಿತಿ ಮೀರಿದರೆ ಜೀವಕ್ಕೇ ಅಪಾಯ.

ಗೆಳೆಯ ಎದ್ದ. ಯಾರೂ ಅವನಿಗೆ ಹುರಿದುಂಬಿಸುವ ಮಾತು ಹೇಳಲಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ನೆನಪಾದದ್ದು ನಮ್ಮ ಶ್ರೀಶೈಲದ ಪಾದಯಾತ್ರೆ. ಯುಗಾದಿ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಮಲ್ಲಯ್ಯನ ಭಕ್ತರು ಬಿಸಿಲಿನಲ್ಲಿ ನೂರಾರು ಕಿಲೋಮೀಟರ್ ನಡೆಯುತ್ತಾರೆ, ಕೆಲವರಂತೂ ಮರಗಾಲು ಕಟ್ಟಿಕೊಂಡು. ಅವರು ಹೊತ್ತೊಯ್ಯುವ ಗಂಟು ಸಣ್ಣದು. ಯಾಕಂದರೆ ದಾರಿಯ ಊರಿನವರು ಪೆಂಡಾಲು ಹಾಕಿ ಕಾದಿರುತ್ತಾರೆ. ರೊಟ್ಟಿ, ಮಜ್ಜಿಗೆ, ಕಾಲಿಗೆ ಹಚ್ಚಲು ಎಣ್ಣೆ, ಮಾತ್ರೆ. ಗುರುತು ಪರಿಚಯ ಇಲ್ಲದವರ ಕಾಲು ಒತ್ತುತ್ತಾರೆ. ಹರಕೆ ಹೊತ್ತವನು ಒಬ್ಬ, ಆದರೆ ಸೇವೆ ಮಾಡಿದವನಿಗೂ ಪುಣ್ಯದಲ್ಲಿ ಪಾಲು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಹಾಂಗ್‌ಕಾಂಗ್‌ನಲ್ಲಿ ನಮಗೆ ಮೆಡಲ್ ಸಿಕ್ಕಿತು, ಫೋಟೋದಲ್ಲಿ ನಾವು ನಾಲ್ವರೇ. ಅಕ್ಕ ಆ ಫೋಟೋ ತೆಗೆದವರು. ಈ ವಿಷಯದಲ್ಲಿ ಶ್ರೀಶೈಲದ ದಾರಿಯವರೇ ಮುಂದಿದ್ದಾರೆ ಅಂತ ನನ್ನ ಅಭಿಪ್ರಾಯ.

ನಿಮ್ಮ ಗೆಳೆಯರು ಯಾರಾದರೂ ಇಂಥ ನಡಿಗೆಗೆ ಹೆಸರು ಕೊಟ್ಟಿದ್ದಾರೆ, ನೀವು ಬೆಂಬಲಕ್ಕೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಅಕ್ಕನ ನೋಟ್‌ಬುಕ್ಕಿನಿಂದ ಕಲಿತ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಒಬ್ಬೊಬ್ಬರಿಗೂ ಹೆಸರು ಬರೆದ ಬೇರೆ ಬೇರೆ ಚೀಲ ಇರಲಿ, ಕತ್ತಲಲ್ಲಿ ಹುಡುಕುವುದಕ್ಕೆ ಸಮಯ ಇರುವುದಿಲ್ಲ. ಒಂದು ಜೊತೆ ಶೂ ಸ್ವಲ್ಪ ದೊಡ್ಡ ಸೈಜಿನದು ಇಟ್ಟಿರಿ, ಎರಡನೇ ದಿನಕ್ಕೆ ಪಾದ ಊದಿಕೊಳ್ಳುತ್ತದೆ. ಮೆತ್ತನೆಯ ಕುರ್ಚಿ ತರಬೇಡಿ. ಕೂತವರು ಏಳುವುದಿಲ್ಲ. ಏನು ತಿನ್ನುತ್ತೀಯ ಅಂತ ಕೇಳಬೇಡಿ, ಆ ಹೊತ್ತಿನಲ್ಲಿ ಅವರಿಗೆ ಯೋಚನೆ ಮಾಡಲು ಆಗುವುದಿಲ್ಲ, ಕೈಗೆ ಕೊಟ್ಟುಬಿಡಿ. ಸಾಕಾ, ನಿಲ್ಲಿಸುತ್ತೀಯಾ ಅಂತಲೂ ನೀವಾಗಿ ಕೇಳಬೇಡಿ. ಆದರೆ ಮಾತು ತೊದಲುತ್ತಿದ್ದರೆ, ಚಳಿಗೆ ನಡುಗುತ್ತಿದ್ದರೆ, ಎದೆ ನೋವು ಅಂದರೆ ಅವರು ಏನೇ ಹೇಳಲಿ, ಅಲ್ಲಿರುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಗ ಮೆಡಲ್ ಲೆಕ್ಕಕ್ಕಿಲ್ಲ. ಮನೆಗೆ ಹೋಗುವಾಗ ಗಾಡಿ ಓಡಿಸುವವರು ಚೆನ್ನಾಗಿ ನಿದ್ದೆ ಮಾಡಿರಬೇಕು, ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು. ಮುಂದಿನ ನಿಲ್ದಾಣ ಎಷ್ಟು ದೂರ ಅಂತ ಅವರು ಕೇಳೇ ಕೇಳುತ್ತಾರೆ. ಹಳ್ಳಿ ದಾರಿಯಲ್ಲಿ ಹೇಳುವ ಹಾಗೆ, "ಇಲ್ಲೇ ಸ್ವಾಮಿ, ಇನ್ನೊಂದು ಫರ್ಲಾಂಗು" ಅನ್ನಬೇಡಿ. ಒಂಬತ್ತು ಕಿಲೋಮೀಟರ್ ಇದ್ದರೆ ಒಂಬತ್ತು ಅಂತಲೇ ಹೇಳಿ. ಬೈದುಕೊಂಡೇ ಹೋಗುತ್ತಾರೆ, ಹೋಗಲಿ ಬಿಡಿ.

ನಮಸ್ಕಾರ.